ಸ್ಟಡ್ ಹಾಕಾಕ ಹತ್ತ್ ನಿಮಿಷ, ತೂತು ತೊಳ್ಯಾಕ ದೀಡ್ ದಿನ: ಹುಬ್ಬಳ್ಳಿ ಗೋಕುಲ ರೋಡಿನ ಒಂದ್ ಎಂಜಿನ್ ಅಂಗಡಿ

ರೇಟಿಂಗ್ ಮದ್ಲ ಹೇಳಿಬಿಡ್ತೀನಿ. ಕೆಲಸಕ್ಕ ಐದಕ್ಕ ಐದು, ಟೈಮಿಗೆ ಎರಡು, ಫೋನ್ ಎತ್ತೋದಕ್ಕ ಸೊನ್ನಿ. ಅಂಗಡಿ ಹೆಸರು ಹಾಕಾಕತ್ತಿಲ್ಲ, ಯಾಕಂದ್ರ ಮಿಸ್ತ್ರಿ ತಾವ ಬ್ಯಾಡ ಅಂದಾರ, "ಇದ್ದ ಕೆಲಸ ಮುಗಸಾಕ ಆಗವಲ್ದು, ನೀವ್ ಮೊಬೈಲ್‌ನ್ಯಾಗ ಬರದು ಇನ್ನ ಐವತ್ ಮಂದಿನ್ನ ಕಳಸಬ್ಯಾಡ್ರಿ" ಅಂತ. ಬೋರ್ಡಿನ ಬಣ್ಣಾನೂ ಹಾರಿ ಹೋಗೇತಿ, ಓದಾಕ ಬರೂದಿಲ್ಲ. ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾದಾಗ ಹೊಕ್ಕು ಟ್ರ್ಯಾಕ್ಟರಿನ್ ಹೆಡ್ ಕೆಲಸ ಯಾರು ಚೊಲೋ ಮಾಡ್ತಾರ ಅಂತ ಇಬ್ಬರನ್ ಕೇಳ್ರಿ, ಇಬ್ರೂ ಒಂದ ಕಡೆ ಕೈ ಮಾಡಿದ್ರ ಅದ ಅಂಗಡಿ ಅನ್ಕೋರಿ.

ನಮ್ದು ಅಣ್ಣಿಗೇರಿ ಕಡೆ ಹಳ್ಳಿ, ಎರಿ ಭೂಮಿ, ಮುಂಗಾರಿಗೆ ಹೆಸರು ಹತ್ತಿ ಮೆಣಸಿನಕಾಯಿ, ಹಿಂಗಾರಿಗೆ ಕಡ್ಲಿ ಜ್ವಾಳ. ಟ್ರ್ಯಾಕ್ಟರ್ ಅಪ್ಪಾರ ಕಾಲದ್ದು, ಪರ್ಕಿನ್ಸ್ 3.152 ನಮೂನಿ ಎಂಜಿನ್. ಆ ನಂಬರಿನ್ಯಾಗ ಎಲ್ಲಾ ಬಂತು, ಮೂರು ಸಿಲಿಂಡರ್, 152 ಕ್ಯೂಬಿಕ್ ಇಂಚು, ಅಂದ್ರ ನಮ್ಮ ಲೆಕ್ಕದಾಗ ಎರಡೂವರಿ ಲೀಟರ್. ಹೆಡ್ಡು, ಅಂದ್ರ ಸಿಲಿಂಡರಿನ ಮ್ಯಾಲಿನ ಮುಚ್ಚಳ, ಬೋಲ್ಟಿನ ಮ್ಯಾಲೆ ಕುಂದ್ರೂದಿಲ್ಲ, ಸಿಲಿಂಡರ್ ಇರೂ ಬೀಡುಕಬ್ಬಿಣದ ಬ್ಲಾಕಿನ್ಯಾಗ ಸ್ಟಡ್, ಅಂದ್ರ ಎರಡೂ ತುದಿಗೆ ಥ್ರೆಡ್ (ತಿರುಪಿನ ಹಲ್ಲು) ಇರೂ ತಲಿ ಇಲ್ಲದ ಸರಳು, ನಿಂತಿರ್ತಾವ, ಅವುಗಳ ಮ್ಯಾಲೆ ಹೆಡ್ ಇಳಿಸಿ ನಟ್ ಬಿಗಿಯೂದು. ಗಟ್ಟಿ ಎಂಜಿನ್. ನೀರ್ ಇದ್ರ ಏನೂ ಆಗೂದಿಲ್ಲ. ನೀರ್ ಇರಲಿಲ್ಲ ಅನ್ನೂದ ನಮ್ಮ ಕತಿ. ಹೋದ ವರ್ಷ ಹೆಸರು ಕಿತ್ತ ಮ್ಯಾಲೆ ಕಡ್ಲಿಗೆ ಹೊಲಾ ಹದಾ ಮಾಡೂಮುಂದ ರೇಡಿಯೇಟರ್ ಹೋಸ್ ಸೋರಾಕತ್ತಿತ್ತು, ನಮ್ಮ ತಮ್ಮ ಬಿಸಿ ತೋರಿಸೂ ಮುಳ್ಳು ಕೆಂಪಿಗೆ ಹೋಗಿದ್ದ ನೋಡೀನೂ "ಇನ್ನೆರಡ್ ಸಾಲ್ ಅಷ್ಟ" ಅಂತ ಹೊಡ್ದ. ಆ ಎರಡ್ ಸಾಲಿನ ರೇಟ್ ಮುಂದ ಹೇಳ್ತೀನಿ.

ಆಗ ಗ್ಯಾಸ್ಕೆಟ್ ಹೋತು, ಹೆಡ್ಡಿಗೂ ಬ್ಲಾಕಿಗೂ ನಡುವ ಸೋರದಂಗ ಹಿಡಿಯೂ ಪದರ. ಊರ ಹತ್ರದ ಮೆಕ್ಯಾನಿಕ್ ಒಬ್ರು ಬಂದು ನಮ್ಮ ಬೇವಿನ ಗಿಡದ ಕೆಳಗ ಮೂರ್ ತಾಸಿನ್ಯಾಗ ಹೆಡ್ ಬಿಚ್ಚಿ ಗ್ಯಾಸ್ಕೆಟ್ ಹಾಕಿ ಬಿಗದು ಚಾ ಕುಡದು ಹೋದ್ರು. ನಾವೂ ಖುಷಿ, ಎಷ್ಟ್ ಫಾಸ್ಟ್ ಮಾಡಿದ್ರಪಾ ಅಂತ. ಅವರು ಪಾನಾಕ್ಕ ಒಂದ್ ಪೈಪ್ ಸಿಗಿಸಿ ಇಬ್ರು ಸೇರಿ ಜಗ್ಗಿದ್ದು ನಾ ಕಣ್ಣಾರೆ ನೋಡೇನಿ, ಗಟ್ಟಿ ಆದಷ್ಟ ಚೊಲೋ ಅಂತ ನಾನೂ ಅನ್ಕೊಂಡೆ. ಈ ವರ್ಷ ಮತ್ತ ಅದ ಹಂಗಾಮಿಗೆ ಮುಂಜಾನೆ ತಂಪಿದ್ದಾಗ ರೇಡಿಯೇಟರ್ ಮುಚ್ಚಳ ತಗದು ಸ್ಟಾರ್ಟ್ ಮಾಡಿದ್ರ ನೀರ್ ಬಿಸಿ ಆಗೂಕಿಂತ ಮದ್ಲ ಗುಳ್ಳಿ ಏಳಾಕತ್ತಿದ್ವು, ಹೊಗಿ ಬೆಳ್ಳಗ, ಆಯಿಲ್ ಕಡ್ಡಿ ಜಗ್ಗಿ ನೋಡಿದ್ರ ಹಾಲ್ ಜಾಸ್ತಿ ಹಾಕಿದ್ ಚಾದ ಬಣ್ಣ. ನೀರು ಆಯಿಲಿನ್ಯಾಗ ಹೊಂಟೈತಿ, ಸಿಲಿಂಡರಿನ್ಯಾಗ ಒತ್ತಿದ ಗಾಳಿ (ಕಂಪ್ರೆಷನ್) ನೀರಿನ್ಯಾಗ ಹೊಂಟೈತಿ. ಹಿಂತಾದ್ದ ಯಾರಿಗಾರ ಆದ್ರ ದಯಮಾಡಿ ಓಡಸಬ್ಯಾಡ್ರಿ, ಆ ಚಾ ಬೇರಿಂಗ್ ತಿಂದ್ ಹಾಕ್ತೈತಿ.

ಕ್ಯಾಂಟರಿನ್ಯಾಗ ಹೇರಿಕೊಂಡು ಹುಬ್ಬಳ್ಳಿಗೆ ಬಂದ್ವಿ. ಸ್ವಾಮಾರ ಮುಂಜಾನೆ ಒಂಬತ್ತಕ್ಕ ಹೋದ್ರ ಮಿಸ್ತ್ರಿ ಹನ್ನೊಂದಕ್ಕ ಬಂದ್ರು. ಕುಂದ್ರಾಕ ಕುರ್ಚಿ ಇಲ್ಲ, ಒಂದ್ ಗೇರ್‌ಬಾಕ್ಸ್ ಮ್ಯಾಲೆ ಗೋಣಿಚೀಲ ಹಾಸ್ಯಾರ, ಅದ ಸೋಫಾ. ಅರವತ್ತರ ಮ್ಯಾಲೆ ವಯಸ್ಸು, ಕನ್ನಡಕಕ್ಕ ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡಾರ, ಮಾತು ಕಮ್ಮಿ. ಹೆಡ್ ಬಿಚ್ಚೂಮುಂದ ಒಂದೊಂದ್ ನಟ್ ಸಡ್ಲ ಮಾಡಿದಾಗೂ ಎಷ್ಟ್ ಜೋರ್ ಬೇಕಾತು ಅಂತ ಬ್ಲಾಕಿನ ಮ್ಯಾಲೆ ಚಾಕ್‌ಪೀಸಿನ್ಯಾಗ ಗೆರಿ ಹಾಕ್ತಿದ್ರು. ಒಂದ್ ಕಡೆ ಮೂರ್ ಗೆರಿ, ಒಂದ್ ಕಡೆ ಅರ್ಧ ಗೆರಿ. ಎರಡ್ ನಟ್ಟಂತೂ ಕೈಲೆ ತಿರಗಿದ್ವು ನೋಡ್ರಿ, ಕೈಲೆ! ಅವೆರಡೂ ಎರಡನೇ ಮೂರನೇ ಸಿಲಿಂಡರಿನ ನಡುವ, ಗ್ಯಾಸ್ಕೆಟ್ ಸುಟ್ಟಿದ್ದೂ ಅಲ್ಲೇ. "ಪೈಪ್ ಹಾಕಿ ಜಗ್ಗ್ಯಾರ" ಅಂದ್ರು. ನಾ ಹೇಳೇ ಇದ್ದಿಲ್ಲ.

ಇಷ್ಟ್ ಜೋರ್ ಬಿಗದಿದ್ದು ಸಡ್ಲ ಹೆಂಗಾತು ಅಂತ ಕೇಳಿದೆ. ಅದಕ್ಕ ಅವರು ಹೇಳಿದ್ದು ನಮ್ಮ ಭಾಷಾದಾಗ. ಬಂಡಿಗೆ ಕಣಿಕಿ ಹೇರಿ ಮಿಣಿ ಬಿಗೀತಿರಲ್ಲ, ಮಿಣಿ ಸ್ವಲ್ಪ ಹಿಗ್ಗಿ ಮತ್ತ ಕುಗ್ಗಾಕ ನೋಡ್ತೈತಿ, ಆ ಕುಗ್ಗೋ ಜೋರಿನ ಮ್ಯಾಲೆ ಹೇರು ನಿಂತಿರ್ತೈತಿ. ಸ್ಟಡ್ಡೂ ಹಂಗ, ಕಬ್ಬಿಣ ಆದ್ರೂ ಕೂದಲೆಳಿಯಷ್ಟು ಹಿಗ್ಗಿ ಸ್ಪ್ರಿಂಗ್ ಆಗಿ ಹೆಡ್ಡಿನ್ನ ಕೆಳಗ ಜಗ್ಗಿ ಹಿಡದಿರ್ತೈತಿ. ಅಳತಿ ಮೀರಿ ಜಗ್ಗಿದ್ರ ಹಿಗ್ಗಿದ್ದು ಹಿಗ್ಗಿದ್ದ, ವಾಪಸ್ ಬರೂದಿಲ್ಲ, ಸಡ್ಲ ಬೀಳತೈತಿ. ಒಂದ್ ಹಳೇ ಸ್ಟಡ್ ತಗದು ಹೊಸಾದ್ರ ಬಾಜೂಕ ಹಿಡದು ತೋರಿಸಿದ್ರು. ನಡುವ ಸೊಂಟಾ ಸಣ್ಣ ಆಗಿತ್ತು. ಕಣ್ಣಿಗೆ ಸೈತ ಕಾಣೂವಂಗ, ಅಳಿಯಾಕ ವರ್ನಿಯರ್ ಬೇಕಾಗ್ಲಿಲ್ಲ. ಥ್ರೆಡ್ ಗೇಜ್ ಇಟ್ರ ಹಲ್ಲು ಹಲ್ಲಿಗೆ ಕೂಡವಲ್ದು, ನಾಲ್ಕನೇ ಹಲ್ಲಿನಿಂದ ತಪ್ಪಾಕತ್ತಿತ್ತು. ಗೇಜಿನ ಸಂದಿನ್ಯಾಗಿಂದ ಬೆಳಕು ಬರಾಕತ್ತಿದ್ದನ್ನ ನಾ ಒಂದ್ ನಿಮಿಷ ನೋಡ್ಕೋತ ಕುಂತೆ, ಹೋದ ವರ್ಷ ಜಗ್ಗಿದ ಪೈಪ್ ನೆನಪಾತು.

ಇನ್ನ ಸ್ಟಡ್ ತಗಿಯೂ ಕೆಲಸ. ಎರಡ್ ನಟ್ ಒಂದರ ಮ್ಯಾಲೊಂದು ಹಾಕಿ ಒಂದಕ್ಕೊಂದು ಬಿಗದು ಕೆಳಗಿನ ನಟ್ಟಿಗೆ ಪಾನಾ ಹಾಕಿ ತಿರವಿದ್ರ ಸ್ಟಡ್ ಬರ್ತೈತಿ, ಇದು ನಿಮಗೂ ಗೊತ್ತಿದ್ದದ್ದ. ಎಲ್ಲಾ ಹಂಗ ಬಂದ್ವು, ಒಂದ್ ಮುರದು ಬ್ಲಾಕಿನ್ಯಾಗ ಉಳೀತು. ನನಗ ಜೀವ ಹೋದಂಗಾತು. ಮಿಸ್ತ್ರಿ ಚಾ ಹೇಳಿದ್ರು. ಚಾ ಕುಡದ್ ಮ್ಯಾಲೆ ಗ್ಯಾಸ್ ಹಚ್ಚಿ ಆ ತುಂಡಿನ ಸುತ್ತ ಬಿಸಿ ಮಾಡಿ ಒಂದ್ ಮೇಣದಬತ್ತಿ ಒತ್ತಿ ಹಿಡದ್ರು, ಮೇಣ ಕರಗಿ ಥ್ರೆಡ್ಡಿನ ಸಂದಿನ್ಯಾಗ ಇಳೀತು, ಆಮ್ಯಾಲೆ ತುಂಡಿನ ಮ್ಯಾಲೆ ಒಂದ್ ನಟ್ ಇಟ್ಟು ನಡುವ ವೆಲ್ಡಿಂಗ್ ತುಂಬಿದ್ರು. ಆರಾಕ ಬಿಟ್ಟು ಒಂದ್ ಕೂದಲೆಳಿ ಮುಂದ, ಒಂದ್ ಕೂದಲೆಳಿ ಹಿಂದ, ಹಿಂಗ ಆಡಿಸ್ಕೋತ ಹೊರಗ ತಂದ್ರು. ಮದ್ಲನೇ ನಟ್ಟಿನ ವೆಲ್ಡಿಂಗ್ ಕಿತ್ತು ಬಂತು, ಎರಡನೇದೂ ಕಿತ್ತು ಬಂತು, ಮೂರನೇದಕ್ಕ ಅಲಗ್ಯಾಡ್ತು. ಇದಕ್ಕ ನಾಕ್ ತಾಸು. ಬ್ಯಾರೆ ಯಾರ ಆಗಿದ್ರೂ ಡ್ರಿಲ್ ಹಚ್ಚಿ ವಾರಿ ಕೊರದು ಬ್ಲಾಕ್ ಕೆಡಿಸ್ತಿದ್ರು.

ಈಗ ಮೇನ್ ವಿಷಯಕ್ಕ ಬರ್ತೀನಿ, ಈ ರಿವ್ಯೂ ಬರಿಯಾಕ ಕುಂತಿದ್ದ ಇದಕ್ಕ. ಸ್ಟಡ್ ಎಲ್ಲಾ ಹೊರಗ ಬಂದ್ವು, ಹೊಸಾ ಸ್ಟಡ್ ತಂದೇನಿ, ಗ್ಯಾಸ್ಕೆಟ್ ತಂದೇನಿ, ಮಂಗಳಾರ ಮಧ್ಯಾಹ್ನ. ಸಂಜಿಮುಂದ ಊರ ಮುಟ್ಟತೀವಿ ಅಂತ ತಮ್ಮಗ ಫೋನ್ ಮಾಡಿಬಿಟ್ಟೆ. ಮಿಸ್ತ್ರಿ ಒಂದ್ ಕಡ್ಡಿಗೆ ಬಿಳಿ ಅರಿವಿ ಸುತ್ತಿ, ತೂತಿನ್ಯಾಗ ಹಾಕಿ ತಿರವಿ ತಗದು ನನ್ನ ಮುಂದ ಹಿಡದ್ರು. ಕರ್ರಗ, ಅದರ ಮ್ಯಾಲೆ ತುಕ್ಕಿನ ಪುಡಿ, ಹಳೇ ಸೀಲೆಂಟಿನ ಚಕ್ಕಿ, ಎಣ್ಣಿ. "ಇದರ ಮ್ಯಾಲೆ ಹಾಕ್ಲೇನು?" ಅಂದ್ರು. ಹ್ಞೂಂ ಅನ್ನಾಕ ಬಾಯಿ ಬರಲಿಲ್ಲ.

ಅವರ ಹತ್ರ ತೂತು ತೊಳಿಯೂ ಒಂದ್ ಸಾಮಾನ ಐತಿ, ಅಂಗಡ್ಯಾಗ ಕೊಂಡಿದ್ದಲ್ಲ. ಹಳೇ ಚೊಲೋ ಸ್ಟಡ್ ಒಂದ್ ತಗೊಂಡು ಥ್ರೆಡ್ಡಿನ ಮ್ಯಾಲೆ ಗ್ರೈಂಡರಿನ್ಯಾಗ ಉದ್ದಕ ಮೂರ್ ಗೀರು ಕೊರದಾರ, ಅಷ್ಟ. ಅದನ್ನ ತೂತಿನ್ಯಾಗ ಕೈಲೆ ತಿರಿವಿದ್ರ ಥ್ರೆಡ್ಡಿನ್ಯಾಗಿನ ಕೊಳಿ ಆ ಗೀರಿನ್ಯಾಗ ತುಂಬಕೊಂಡು ಹೊರಗ ಬರ್ತೈತಿ. ಟ್ಯಾಪ್ ಯಾಕ ಹಾಕೂದಿಲ್ಲ ಅಂತ ಕೇಳಿದೆ, ನನಗೂ ಸ್ವಲ್ಪ ಶಾಣ್ಯಾತನ ತೋರಿಸೋ ಚಟ. ಟ್ಯಾಪ್ ಅಂದ್ರ ಕೊಯ್ಯೂ ಸಾಮಾನ, ಅದು ಕೊಳಿ ಜೋಡಿ ಚೊಲೋ ಕಬ್ಬಿಣಾನೂ ತಗೀತೈತಿ, ಥ್ರೆಡ್ ಸಡ್ಲ ಆಕ್ಕೈತಿ, ಮುಂದಿನ ಸಲ ಸ್ಟಡ್ ಬೀಡಿನ ಹಲ್ಲು ಕಿತ್ತಕೊಂಡ ಮ್ಯಾಲೆ ಬರ್ತೈತಿ ಅಂದ್ರು. ಪ್ರತಿ ತೂತಿಗೂ ಗೀರು ಸ್ಟಡ್, ಆಮ್ಯಾಲೆ ಚಿಮಣಿ ಎಣ್ಣಿ, ಆಮ್ಯಾಲೆ ಕಂಪ್ರೆಸರ್ ಗಾಳಿ, ಮತ್ತ ಬಿಳಿ ಅರಿವಿ. ಅರಿವಿ ಕರೀ ಬಂದ್ರ ಮತ್ತ ಮದ್ಲಿಂದ. ಸಿಲಿಂಡರಿನ್ಯಾಗ ಕಸ ಬೀಳಬಾರ್ದು ಅಂತ ಅರಿವಿ ತುರಕಿ ಮ್ಯಾಲೆ ಗ್ರೀಸ್ ಹಚ್ಚಿದ್ರು, ನೀರಿನ ತೂತಿಗೆಲ್ಲ ಕಾಗದದ ಬೆಣಿ. ಗಾಳಿ ಹೊಡಿಯೂಮುಂದ ನನಗ ಹಿಂದ ಸರೀರಿ ಅಂದ್ರು, ನಾ ಬಗ್ಗಿ ನೋಡ್ಕೋತ ನಿಂತಿದ್ದೆ, ಎಣ್ಣಿ ಕಣ್ಣಾಗ ಬಂತು. ತಪ್ಪು ನಂದ, ಸ್ಟಾರ್ ಕಟ್ ಮಾಡಾಂಗಿಲ್ಲ.

ತೂತಿನ ತಳದಾಗ ಎಣ್ಣಿ ಅಥವಾ ನೀರು ಉಳಿದ್ರ ಏನಾಕ್ಕೈತಿ ಅನ್ನೂದು ನನಗ ಅವತ್ತ ಗೊತ್ತಾತು. ಕೆಲವು ತೂತು ತಳಾ ಮುಚ್ಚಿರ್ತಾವ. ಅದರಾಗ ಎಣ್ಣಿ ನಿಂತಿದ್ದಾಗ ಮ್ಯಾಲಿಂದ ಸ್ಟಡ್ ತಿರಿವಿದ್ರ ಎಣ್ಣಿಗೆ ಹೋಗಾಕ ಜಾಗಾ ಇಲ್ಲ, ದ್ರವ ಕುಗ್ಗೂದಿಲ್ಲ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಹೆಂಗ ನೇಗಲಾ ಎತ್ತತೈತಿ ಹಂಗ ಅದ ಜೋರು ಬ್ಲಾಕಿನ್ನ ಒಳಗಿಂದ ಸೀಳತೈತಿ. ಹನಿ ಎಣ್ಣಿಗೆ ಬ್ಲಾಕ್ ಕ್ರ್ಯಾಕ್. ಒಡೀಲಿಲ್ಲ ಅಂದ್ರೂ ಸ್ಟಡ್ ತಳಾ ಮುಟ್ಟೇತಿ ಅನ್ನೋ ಭ್ರಮಾ ಆಕ್ಕೈತಿ, ಖರೇ ಅಂದ್ರ ಎಣ್ಣಿ ಮ್ಯಾಲೆ ತೇಲಾಕತ್ತಿರ್ತೈತಿ. ಬೇವಿನ ಗಿಡದ ಕೆಳಗ ಮೂರ್ ತಾಸಿನ್ಯಾಗ ಮುಗದ ಕೆಲಸದಾಗ ಈ ತೂತು ಯಾರ್ ತೊಳದಿದ್ರು? ಯಾರೂ ಇಲ್ಲ.

ಇನ್ನೊಂದು. ಸ್ಟಡ್ಡಿನ ತೂತಿನ ಬಾಯಿ ಸುತ್ತ ಬ್ಲಾಕಿನ ಮುಖ ಸ್ವಲ್ಪ ಉಬ್ಬಿತ್ತು, ಜೋರ್ ಬಿಗದ್ ಬಿಗದು ಮ್ಯಾಲಿನ ಥ್ರೆಡ್ ಬೀಡು ಮ್ಯಾಲಕ್ಕ ಜಗ್ಗಿತ್ತು. ಬೆರಳಾಡಿಸಿದ್ರ ತಿಳೀತೈತಿ, ಒಲಿ ಮ್ಯಾಲಿನ ದ್ವಾಸಿ ಅಂಚು ಎದ್ದಂಗ. ಅದರ ಮ್ಯಾಲೆ ಎಂಥಾ ಗ್ಯಾಸ್ಕೆಟ್ ಹಾಕಿದ್ರೂ ಅಲ್ಲಿ ಅಷ್ಟ ಒತ್ತಿ ಉಳಿದ ಕಡೆ ಸಡ್ಲ. ಸಾಣಿಕಲ್ಲು ಅಡ್ಡಾ ಇಟ್ಟು ತಿಕ್ಕಿ ಸಪಾಟ ಮಾಡಿ, ತೂತಿನ ಬಾಯಿಗೆ ಒಂಚೂರು ಇಳಿಜಾರ ಕೊಟ್ರು, ಮದ್ಲನೇ ಥ್ರೆಡ್ ಮುಖಕ್ಕಿಂತ ಕೆಳಗ ಉಳಿಯಂಗ. ಹೆಡ್ಡಿಗೆ ಬ್ಯಾರೆ ಚಿಕಿತ್ಸೆ, ಸ್ಟೀಲ್ ಪಟ್ಟಿ ಅಡ್ಡಾ ಉದ್ದಾ ಮೂಲಿಂದ ಮೂಲಿಗೆ ಇಟ್ಟು ಸಂದಿ ಅಳಿಯೂ ಫೀಲರ್ ಗೇಜ್ ತೂರಿಸಿ ನೋಡಿದ್ರು, ನಡುವ ಬಗ್ಗಿತ್ತು. ಬಾಜೂ ಅಂಗಡಿಗೆ ಕಳಿಸಿ ಮುಖ ಗ್ರೈಂಡ್ ಮಾಡಿಸಿದ್ರು. ಅದರಕಿಂತ ಮದ್ಲ ಹೆಡ್ಡಿನ ತೂತೆಲ್ಲಾ ಮುಚ್ಚಿ ಒಳಗ ಗಾಳಿ ತುಂಬಿ ಬಿಸಿನೀರಿನ ತೊಟ್ಟಿನ್ಯಾಗ ಮುಳಗ್ಸಿ ಗುಳ್ಳಿ ಬರ್ತಾವೇನ್ ನೋಡ್ಯಾರ. ಬರಲಿಲ್ಲ, ದೇವರ ದಯಾ. ಬಿರುಕು ಇದ್ದಿದ್ರ ಹೊಸಾ ಹೆಡ್ ಕೊಳ್ಳೂದಿತ್ತು.

ನಾ ತಂದಿದ್ದ ಸ್ಟಡ್ಡಿನ ಕತಿ ಕೇಳ್ರಿ. ಪ್ಯಾಟ್ಯಾಗ ಒಂದ್ ಅಂಗಡ್ಯಾಗ ಸಸ್ತಾ ಸಿಕ್ಕಿದ್ವು, ಫಳಫಳ ಹೊಳೀತಿದ್ವು, "ಕಂಪನಿ ಮಾಲು" ಅಂದ್ರು. ಮಿಸ್ತ್ರಿ ಒಂದ್ ಸ್ಟಡ್ ಕೈಯಾಗ ತಗೊಂಡು ತುದಿ ನೋಡಿದ್ರು, ನಂಬರ್ ಇಲ್ಲ. ಅರ ತಗೊಂಡು ಒಂದ್ ಸಲ ಎಳದ್ರು, ಬೆಣ್ಣಿಗತೆ ಕಡೀತು. ಹಳೇ ಸ್ಟಡ್ಡಿನ ಮ್ಯಾಲೆ ಅದ ಅರ ಎಳದ್ರ ಜಾರಿ ಹೋತು. ಮಾತಾಡದ ವಾಪಸ್ ಪೊಟ್ಟಣದಾಗ ಹಾಕಿ ನನ್ನ ಕೈಯಾಗ ಕೊಟ್ರು. ಲೇಥಿನ್ಯಾಗ ಸಾದಾ ಸರಳು ಕೊಯ್ದು ಮಾಡಿದ್ದು ಇರಬೇಕು, ಒಳ್ಳೇ ಸ್ಟಡ್ಡಿನ ಥ್ರೆಡ್ ಕೊಯ್ಯೂದಿಲ್ಲ, ಉರುಳಿಸಿ ಒತ್ತಿ ಮಾಡ್ತಾರ, ಅದಕ್ಕ ಗಟ್ಟಿ. ಗ್ರೇಡ್ ನಂಬರ್ ಓದೂದನ್ನೂ ಹೇಳಿಕೊಟ್ರು, ಮಿಲಿಮೀಟರ್ ಸಾಮಾನಿನ ಮ್ಯಾಲೆ 8.8, 10.9 ಅಂತ ಇರ್ತಾವಲ್ಲ, ಮದ್ಲಿನ 10 ಅಂದ್ರ 1000 ಮೆಗಾಪಾಸ್ಕಲ್ ಜಗ್ಗಿದ್ರ ಹರೀತೈತಿ ಅಂತ, ಚುಕ್ಕಿ ಆದ್ ಮ್ಯಾಲಿನ 9 ಅಂದ್ರ ಅದರ ತೊಂಬತ್ತು ಪರ್ಸೆಂಟಿಗೆ, ಅಂದ್ರ 900ಕ್ಕ, ಹಿಗ್ಗಿದ್ದು ವಾಪಸ್ ಬರದ ಹಂಗ ಆಕ್ಕೈತಿ ಅಂತ. ನಮ್ಮ ಎಂಜಿನ್ ಇಂಚಿನ ಥ್ರೆಡ್ಡಿಂದು, ಅದರ ಗುರುತು ಬ್ಯಾರೆ. ಅದಕ್ಕ ಅವರ ಹೇಳಿದ್ ಕಡೆ ಹೋಗಿ ಬಿಲ್ ಸಮೇತ ಸೆಟ್ ತಂದೆ. ಸಸ್ತಾ ಸ್ಟಡ್ ಕೊಟ್ಟವ್ರು ರೊಕ್ಕಾ ವಾಪಸ್ ಕೊಡಲಿಲ್ಲ, ಅವು ಈಗ ನಮ್ಮ ದನದ ಕೊಟಗ್ಯಾಗ ಗೂಟ ಆಗ್ಯಾವ.

ಒಂದ್ ತೂತಿನ ಥ್ರೆಡ್ ಪೂರ್ತಿ ಹೋಗಿತ್ತು, ಮುರದಿದ್ದ ಸ್ಟಡ್ಡಿಂದು. ಅದಕ್ಕ ದೊಡ್ಡ ತೂತು ಹೊಡದು ಹೊಸಾ ಥ್ರೆಡ್ ಹಾಕಿ ಸ್ಟೀಲಿನ ಬುಷ್ ಕೂಡಿಸಿದ್ರು, ಬುಷ್ಷಿನ ಒಳಗ ನಮ್ಮ ಸ್ಟಡ್ಡಿನ ಥ್ರೆಡ್. ತಂತಿ ಸುರುಳಿ ಹಾಕೂ ಹೆಲಿಕಾಯಿಲೂ ಬರ್ತೈತಿ, ಹೆಡ್ಡಿನ ಸ್ಟಡ್ಡಿಗೆ ನಾ ಬುಷ್ ಅಷ್ಟ ಹಾಕ್ತೀನಿ ಅಂದ್ರು. ಇಲ್ಲಿ ಡ್ರಿಲ್ ವಾರಿ ಹೋಗಬಾರ್ದಂತ ಹಳೇ ಹೆಡ್ಡಿನ ಒಂದ್ ತುಂಡು ಬ್ಲಾಕಿಗೆ ಬಿಗದು ಅದರ ತೂತಿನ್ಯಾಗಿಂದ ಡ್ರಿಲ್ ಇಳಿಸಿದ್ರು. ಈ ಒಂದ್ ತೂತಿಗೆ ಅರ್ಧ ದಿನ.

ಬಸ್ತವಾರ ಮುಂಜಾನೆ ಸ್ಟಡ್ ಹಾಕೂ ಮುಹೂರ್ತ ಬಂತು. ನಾ ಅನ್ಕೊಂಡಿದ್ದು ದೊಡ್ಡ ಪಾನಾ ತಗೊಂಡು ಕರ್ ಕರ್ ಅಂತ ಬಿಗೀತಾರ ಅಂತ. ಅವರು ಒಂದೊಂದ್ ಸ್ಟಡ್ ಎರಡ್ ಬೆರಳಿನ್ಯಾಗ ಹಿಡದು ತಿರಿವ್ಕೋತ ಇಳಿಸಿದ್ರು, ಪೆನ್ನಿನ ಕ್ಯಾಪ್ ಹಾಕಿದಂಗ. ಕಡೀಕ ತಳಾ ಮುಟ್ಟಿದ ಕೂಡ್ಲೇ ನಿಂದ್ರಿಸಿದ್ರು. ನಾ ಸುಮ್ನಿರಬೇಕಲ್ಲ, ಪಕ್ಕಡ್ ತಗೊಂಡು ಒಂದಕ್ಕ ಇನ್ನೊಂದ್ ಸುತ್ತು ಕೊಡಾಕ ಹೋದೆ, ನನ್ನ ಕೈ ಮ್ಯಾಲೆ ಪಟ್ ಅಂತ ಹೊಡದ್ರು. ಅಪ್ಪಾರು ಹೊಡದಿದ್ದ ಮ್ಯಾಲೆ ಇವರ. "ತಮ್ಮಾ, ಇದು ಕೈಬಿಗಿ ಅಷ್ಟ. ಜೋರ್ ಕೊಡೂದು ನಟ್ಟಿಗೆ" ಅಂದ್ರು. ಕೆಳಗ ಬಿಗದ್ರ ತಳದ ಥ್ರೆಡ್ ಮ್ಯಾಲೆ ಸುಮ್ನ ಭಾರ ಬೀಳತೈತಿ, ಸ್ಟಡ್ ವಾರಿ ನಿಂದ್ರತೈತಿ, ನಟ್ ಬಿಗಿಯೂಮುಂದ ಜಗ್ಗಾಟ ನೆಟ್ಟಗ ಇರೂದಿಲ್ಲ. ಬೋಲ್ಟಿಗೂ ಸ್ಟಡ್ಡಿಗೂ ಫರಕ್ ಇಲ್ಲೇ ಐತಿ, ಬೋಲ್ಟ್ ಬ್ಲಾಕಿನ್ಯಾಗ ತಿರಗಕೋತ ಹಿಗ್ಗತೈತಿ, ತಿರುಚೂದೂ ಜಗ್ಗೂದೂ ಎರಡೂ ಒಂದ ಸಲ, ಬ್ಲಾಕಿನ ಬೀಡಿನ ಥ್ರೆಡ್ ಪ್ರತಿ ಸಲ ತಿಕ್ಕಿಸ್ಕೋತೈತಿ. ಸ್ಟಡ್ ಕುಂತಲ್ಲೇ ಕುಂತಿರ್ತೈತಿ, ನಟ್ ಅಷ್ಟ ತಿರಗತೈತಿ. ಅದಕ್ಕ ಕೆಳಗ ಬೀಡಿಗೆ ದಪ್ಪ ಥ್ರೆಡ್, ಮ್ಯಾಲೆ ನಟ್ಟಿಗೆ ಸಣ್ಣ ಥ್ರೆಡ್ ಇಟ್ಟಿರ್ತಾರ. ಆದ್ರ ಇದು ಎಲ್ಲಾ ಎಂಜಿನ್ನಿಗೂ ಒಂದ ನಮೂನಿ ಅನ್ಕೋಬ್ಯಾಡ್ರಿ, ಕೆಲವುಕ್ಕ ಸ್ಟಡ್ಡಿನ ಕೆಳಗಿನ ಥ್ರೆಡ್ಡು ಬೇಕಂತ ಬಿಗಿ ಮಾಡಿರ್ತಾರ, ಅದಕ್ಕ ಬುಕ್ಕಿನ್ಯಾಗ ಬ್ಯಾರೆ ಟಾರ್ಕ್ (ತಿರವೂ ಜೋರಿನ ಅಳತಿ) ಬರದಿರ್ತಾರ, ಬುಕ್ ನೋಡ್ರಿ.

ತಳದಾಗ ನೀರಿನ ಜಾಕೆಟ್ಟಿಗೆ, ಅಂದ್ರ ಸಿಲಿಂಡರಿನ ಸುತ್ತ ನೀರ್ ಹರಿಯೂ ಜಾಗಕ್ಕ, ತೆರಕೊಂಡಿದ್ದ ತೂತುಗಳನ್ನ ಮದ್ಲ ಚಾಕ್‌ಪೀಸಿನ್ಯಾಗ ಗುರುತ್ ಮಾಡಿದ್ರು, ತಂತಿ ಇಳಿಸಿದ್ರ ತಳಾ ಸಿಗೂದಿಲ್ಲ, ಹಂಗ ಗೊತ್ತಾಕ್ಕೈತಿ. ಆ ಸ್ಟಡ್ಡಿಗೆ ಅಷ್ಟ ಥ್ರೆಡ್ ಸೀಲೆಂಟ್, ಉಳಿದವುಕ್ಕ ಎಣ್ಣಿ ಕೈ. ಸೀಲೆಂಟ್ ಹಚ್ಚಲಿಲ್ಲ ಅಂದ್ರ ನೀರು ಥ್ರೆಡ್ ಹಿಡ್ಕೊಂಡು ಮ್ಯಾಲೇರಿ ನಟ್ಟಿನ ಬುಡಕ್ಕ ಜಿನಗತೈತಿ, ನಮ್ಮ ಹಳೇ ಸ್ಟಡ್ ತುಕ್ಕ್ ಹಿಡದು ಮುರದಿದ್ದೂ ಇದಕ್ಕ. ಎಲ್ಲಾ ಹಾಕಿದ್ ಮ್ಯಾಲೆ ಗೌಂಡಿ ಇಟ್ಕೊಂಡಿರ್ತಾನಲ್ಲ ಮೂಲಮಟ್ಟ, ಅಂಥಾದ್ದ ಸಣ್ಣದು ಇಟ್ಟು ಪ್ರತಿ ಸ್ಟಡ್ ನೆಟ್ಟಗ ನಿಂತೈತಿಲ್ಲ ನೋಡಿದ್ರು, ವರ್ನಿಯರ್ ಹಿಡದು ಎತ್ತರಾ ಅಳದ್ರು. ಒಂದ್ ಸ್ಟಡ್ ಉಳಿದವುಕ್ಕಿಂತ ಒಂದ್ ಮಿಲಿಮೀಟರ್ ಎತ್ತರ ಬಂತು. ತಗದ್ರು, ತೂತಿನ ತಳದಾಗ ಒಂದ್ ಸಣ್ಣ ವೆಲ್ಡಿಂಗ್ ಗುಳಿಗಿ ಕುಂತಿತ್ತು, ಗಾಳಿಗೂ ಹೋಗಿರ್ಲಿಲ್ಲ. ಮ್ಯಾಗ್ನೆಟ್ ಕಡ್ಡಿ ಇಳಿಸಿ ತಗದು ನನ್ನ ಅಂಗೈಮ್ಯಾಲೆ ಇಟ್ರು. ಸಾಸವಿ ಕಾಳಿನಷ್ಟ ಇತ್ತು.

ಹೆಡ್ ಇಳಿಸಿದ್ರ ಸ್ಟಡ್ಡಿನ ಮ್ಯಾಲೆ ತಾನ ಜಾರಿ ಕುಂತು ಬಿಡ್ತು, ಎಲ್ಲೂ ಸಿಗಿಬೀಳಲಿಲ್ಲ, ಸುತ್ತಗಿ ಬೇಕಾಗ್ಲಿಲ್ಲ. ವಾಷರ್ ಎಲ್ಲಾ ಹೊಸಾವು, ಗಟ್ಟಿವು. ನಟ್ಟಿನ ಥ್ರೆಡ್ಡಿಗೂ ವಾಷರ್ ಮುಖಕ್ಕೂ ಎಣ್ಣಿ. ಇದನ್ನ ಭಾಳ ಒತ್ತಿ ಹೇಳಿದ್ರು. ಟಾರ್ಕ್ ಪಾನಾ ತೋರಿಸೂದು ನಾವ್ ಹಾಕೂ ಜೋರು, ಹೆಡ್ಡಿಗೆ ಮುಟ್ಟೂ ಜೋರಲ್ಲ. ಅದರಾಗ ಹತ್ತರಾಗ ಒಂಬತ್ ಪಾಲಿನ ಹತ್ರ ನಟ್ಟಿನ ಬುಡದ ತಿಕ್ಕಾಟಕ್ಕ, ಥ್ರೆಡ್ಡಿನ ತಿಕ್ಕಾಟಕ್ಕ ಹೊಕ್ಕೈತಿ, ಉಳದ ಒಂದ್ ಪಾಲು ಅಷ್ಟ ಸ್ಟಡ್ ಜಗ್ಗತೈತಿ. ನಾವು ಎಪಿಎಂಸಿಗೆ ಮೆಣಸಿನಕಾಯಿ ಒಯ್ದು ಖರ್ಚೆಲ್ಲಾ ಕಳದು ಕೈಯಾಗ ಏನ್ ಬರ್ತೈತಿ ಅಂತ ನೋಡಿದಂಗ ಆತು. ಒಣಾ ಥ್ರೆಡ್ ಇದ್ರ ತಿಕ್ಕಾಟ ಹೆಚ್ಚ, ಪಾನಾ ಟಕ್ ಅಂತೈತಿ, ಹೆಡ್ ಸಡ್ಲ ಇರ್ತೈತಿ. ಬುಕ್ಕಿನ್ಯಾಗ ಎಣ್ಣಿ ಹಚ್ಚಿ ಇಷ್ಟ್ ಅಂತ ಇದ್ದು ನೀವ್ ಸ್ಟಡ್ ಕಂಪನಿದು ಮಾಲಿಬ್ಡಿನಂ ಪೇಸ್ಟ್ ಹಚ್ಚಿ ಅಷ್ಟ ಟಾರ್ಕ್ ಕೊಟ್ರ ಈ ಕಡೆ ಅತಿ ಆಕ್ಕೈತಿ, ಯಾವ ಎಣ್ಣಿಗೆ ಯಾವ ನಂಬರ್ ಅಂತ ಕೇಳಿ ತಿಳಕೋಬೇಕು. ನಮ್ಮ ಎಂಜಿನ್ನಿನ ನಂಬರ್ ಇಲ್ಲಿ ಹಾಕೂದಿಲ್ಲ, ಯಾರರ ಬ್ಯಾರೆ ಎಂಜಿನ್ನಿಗೆ ಅದನ್ನ ಹೊಡದು ನನಗ ಬೈತೀರಿ. ಮ್ಯಾಲೆ ಯುನಿಟ್ಟಿನ ಗೊಂದಲ ಒಂದೈತಿ, ಹಳೇ ಬುಕ್ಕಿನ್ಯಾಗ ಪೌಂಡ್-ಫೂಟ್, ಕೆಲವರ ಪಾನಾ ಕೆಜಿ-ಮೀಟರ್, ಹೊಸಾವು ನ್ಯೂಟನ್-ಮೀಟರ್. 1 ಕೆಜಿ-ಮೀಟರ್ ಅಂದ್ರ 9.81 ನ್ಯೂಟನ್-ಮೀಟರ್, 7.23 ಪೌಂಡ್-ಫೂಟ್. ಮಿಸ್ತ್ರಿ ಈ ಲೆಕ್ಕಾನ ಗ್ವಾಡಿ ಮ್ಯಾಲೆ ಕರೀ ಬಣ್ಣದಾಗ ಬರದಾರ, ಗಣಪತಿ ಫೋಟೋದ ಬಾಜೂಕ.

ಬಿಗಿಯೂದು ನಡುವಿನಿಂದ ಸುರು, ಸುತ್ತ ಸುತ್ತಕೋತ ಹೊರಗ, ಮೂರ್ ಸುತ್ತಿನ್ಯಾಗ ಪೂರ್ತಿ. ಒಂದ ಸಲಕ್ಕ ಒಂದ್ ಮೂಲಿ ಬಿಗದ್ರ ಹೆಡ್ ಕುರ್ಚಿ ಕಾಲಿನಂಗ ಎದ್ದ್ ನಿಂದ್ರತೈತಿ. ಟಾರ್ಕ್ ಪಾನಾ ಕಟ್ಟಗಿ ಡಬ್ಬಿನ್ಯಾಗ ಮಲಗಿಸ್ಯಾರ, ಕೆಲಸ ಆದ ಕೂಡ್ಲೇ ಕಮ್ಮಿ ನಂಬರಿಗೆ ತಿರಿವಿ ಇಡತಾರ, ಇಲ್ಲಂದ್ರ ಒಳಗಿನ ಸ್ಪ್ರಿಂಗ್ ಸುಳ್ಳ ಹೇಳಾಕ ಸುರು ಮಾಡ್ತೈತಂತ. ಜಗ್ಗೂದೂ ನಿಧಾನ, ಝಟಕಾ ಕೊಡೂದಿಲ್ಲ, ಟಕ್ ಅಂತು ಅಂದ್ರ ಕೈ ಬಿಟ್ರು. ಖಾತ್ರಿ ಮಾಡಾಕ ಇನ್ನೊಂದ್ ಟಕ್ ಅಂತ ನಾವು ಮಾಡ್ತೀವಲ್ಲ, ಅದಕ್ಕ ಅವರ ಅಂಗಡ್ಯಾಗ ಬೈಗುಳ ಐತಿ. ಎಲ್ಲಾ ಸ್ಟಡ್ ಕೈಲೆ ಇಳಿಸಾಕ ಹತ್ತ್ ನಿಮಿಷ ಹಿಡೀತು, ನಟ್ ಬಿಗಿಯಾಕ ಅರ್ಧ ತಾಸು. ಉಳದ ಮೂರ್ ದಿನ ಬಿಚ್ಚಿದ್ದು, ತಗದಿದ್ದು, ತೊಳದಿದ್ದು.

ಈಗ ತಮ್ಮನ ಎರಡ್ ಸಾಲಿನ ರೇಟ್. ಲೇಬರ್ 6000, ಮುರದ ಸ್ಟಡ್ಡಿಗೂ ಬುಷ್ಷಿಗೂ ಸೇರಿ 2200, ಹೆಡ್ ಟೆಸ್ಟಿಂಗ್ ಮತ್ತ ಗ್ರೈಂಡಿಂಗ್ 1800, ಸ್ಟಡ್ ಸೆಟ್, ಗ್ಯಾಸ್ಕೆಟ್, ಆಯಿಲ್, ಫಿಲ್ಟರ್ ಎಲ್ಲಾ ನಂದ ಖರೀದಿ, ಅದೊಂದ್ 7500. ಕ್ಯಾಂಟರ್ ಬಾಡಿಗಿ ಬ್ಯಾರೆ. ಬಿಲ್ ಕೊಡೂದಿಲ್ಲ, ಸಿಗರೇಟ್ ಪಾಕೀಟಿನ ಮ್ಯಾಲೆ ಬರದ್ ಕೊಟ್ಟಾರ, ಇದು ನನಗ ಸೇರಲಿಲ್ಲ. ಬಾಯಿ ಮಾತಿನ ಗ್ಯಾರಂಟಿ. ಎರಡ್ ದಿನ ಅಂದಿದ್ದು ನಾಕ್ ದಿನ ಆತು, ಕಡ್ಲಿ ಹದಾ ಹೋಗಾಕತ್ತೈತಿ ಅಂತ ಅಪ್ಪಾರು ತಾಸಿಗೊಮ್ಮೆ ಫೋನ್ ಮಾಡಿ ನನ್ನ ತಲಿ ತಿಂದ್ರು, ಅದಕ್ಕ ಮಿಸ್ತ್ರಿ ಕಡೆಯಿಂದ ಒಂದ್ "ಸಾರಿ, ತಪ್ಪಾತು" ಅನ್ನೂ ಮಾತೂ ಇಲ್ಲ. ನಡುವ ಒಂದಿನ ಯಾವದೋ ಮದವಿ ಅಂತ ಅರ್ಧ ದಿನ ಅಂಗಡಿ ಬಾಗಲಾ ಹಾಕ್ಕೊಂಡು ಹೋಗಿದ್ರು, ಹೇಳಲಿಲ್ಲ ಕೇಳಲಿಲ್ಲ, ನಾ ಗೇರ್‌ಬಾಕ್ಸ್ ಮ್ಯಾಲೆ ಕುಂತು ಗಿರ್ಮಿಟ್ ತಿಂದ್ಕೋತ ಕಾದೆ. ಮಿರ್ಚಿ ಬಿಸಿ ಇದ್ವು, ಅಷ್ಟ ಸಮಾಧಾನ. ಮೂಲಿ ಮ್ಯಾಲೆ ಸಾವಜಿ ಖಾನಾವಳಿ ಐತಿ, ಮಧ್ಯಾಹ್ನ ಒಂದಕ್ಕಿಂತ ಮದ್ಲ ಹೋಗ್ರಿ, ಆಮ್ಯಾಲೆ ಜಾಗಾ ಸಿಗೂದಿಲ್ಲ.

ಬಸ್ತವಾರ ಸಂಜಿಮುಂದ ಸ್ಟಾರ್ಟ್ ಮಾಡಿದ್ವಿ. ಮುಚ್ಚಳ ತಗದು ಇಬ್ರೂ ರೇಡಿಯೇಟರಿನ್ಯಾಗ ಇಣುಕಿ ನೋಡ್ಕೋತ ನಿಂತ್ವಿ, ಬಾವಿನ್ಯಾಗ ಬಿದ್ದ ಕೊಡಾ ಹುಡುಕೂವರಂಗ. ಮದ್ಲ ನಾಕ್ ಗುಳ್ಳಿ ಬಂದ್ವು, ನನ್ನ ಎದಿ ಝಲ್ ಅಂತು, ಅದು ಒಳಗಿದ್ದ ಗಾಳಿ ಅಂತ ಅಂದ್ರು, ಆಮ್ಯಾಲೆ ನೀರ್ ಸುಮ್ನ ನಿಂತ್ವು. ಪೂರ್ತಿ ಬಿಸಿ ಆಗೂತನ ಓಡಿಸಿ, ಆರಿಸಿ, ಮತ್ತ ಅದ ಸಾಲಿನ್ಯಾಗ ಒಂದೊಂದ ನಟ್ ಚೂರ್ ಸಡ್ಲ ಮಾಡಿ ಮತ್ತ ಟಾರ್ಕ್ ಕೊಟ್ರು, ವಾಲ್ವಿನ ಸಂದಿ (ಟ್ಯಾಪೆಟ್) ಸೆಟ್ ಮಾಡಿದ್ರು. ಹಳೇ ನಮೂನಿ ಗ್ಯಾಸ್ಕೆಟ್ ಬಿಸಿಗೆ ಸ್ವಲ್ಪ ಕುಂದ್ರತೈತಿ, ಅದಕ್ಕ ಇದು. ಸ್ವಲ್ಪ ಕೆಲಸ ಮಾಡಿದ್ ಮ್ಯಾಲೆ ಇನ್ನೊಂದ್ ಸಲ ನೋಡ್ತೀನಿ ಅಂದ್ರು. ಕಡ್ಲಿ ಬಿತ್ತಿಗಿ ಮುಗದ್ ಮ್ಯಾಲೆ ಕರಕೊಂಡ್ ಬರಾಕ ಹೋದ್ರ ತಾವ ಬೈಕ್ ತಗೊಂಡು ಅಣ್ಣಿಗೇರಿ ದಾಟಿ ನಮ್ಮ ಹೊಲಕ್ಕ ಬಂದ್ರು. ಟಾರ್ಕ್ ಪಾನಾದ ಡಬ್ಬಿ ಟವಲಿನ್ಯಾಗ ಸುತ್ತಿ ತೊಡಿ ಮ್ಯಾಲೆ ಇಟ್ಕೊಂಡು. ಅದಕ್ಕ ರೊಕ್ಕಾ ಇಸ್ಕೊಳಲಿಲ್ಲ, ಲೈನ್ ಬಜಾರ ಪೇಡೆ ಅರ್ಧ ಕಿಲೋ ತಂದಿಟ್ಟಿದ್ದೆ, ಅದನ್ನ ಇಸ್ಕೊಂಡ್ರು, ಮ್ಯಾಲೆ ಒಂದ್ ಚೀಲ ಹಸಿ ಮೆಣಸಿನಕಾಯಿ ತಾವ ಕಿತ್ತಕೊಂಡ್ರು. ನಮ್ಮ ತಮ್ಮನ್ನ ಕರದು ಮುಳ್ಳು ತೋರಿಸಿ "ಇದು ಇಲ್ಲಿಗೆ ಬಂದ್ರ ಏನ್ ಮಾಡ್ತಿ" ಅಂತ ಮೂರ್ ಸಲ ಕೇಳಿದ್ರು.

ಹೋಗೂವ್ರು ಹದಾ ತಪ್ಪೂಕಿಂತ ಹದಿನೈದ್ ದಿನ ಮದ್ಲ ಹೋಗ್ರಿ, ಫೋನ್ ಮಾಡ್ಕೋತ ಕುಂದ್ರಬ್ಯಾಡ್ರಿ, ನೆಟ್ಟಗ ಹೋಗಿ ಮುಂದ ನಿಂದ್ರಿ. ನಿಮ್ಮ ಎಂಜಿನ್ನಿನ ಬುಕ್ ಇದ್ರ ಒಯ್ರಿ, ಅವರಿಗೆ ಅದು ಭಾಳ ಸೇರತೈತಿ. ಹಳೇ ಸ್ಟಡ್ ಕೇಳಿದ್ರ ಕೊಡೂದಿಲ್ಲ, ನಮ್ಮವುದರಾಗ ನೆಟ್ಟಗಿದ್ದ ಒಂದಕ್ಕ ಆಗಲೇ ಮೂರ್ ಗೀರು ಕೊರದು ಡಬ್ಬಿಗೆ ಹಾಕ್ಕೊಂಡಾರ. ಮತ್ತ ನನ್ನ ಇಂಚಿನ ಸಾಕೆಟ್ ಒಂದ್ ಅಲ್ಲೇ ಉಳದೈತಿ, ಹತ್ತ್ ದಿನದಿಂದ ರಿಂಗ್ ಕೊಡಾಕತ್ತೇನಿ, ಎತ್ತವಲ್ರು. ಯಾರರ ಆ ಕಡೆ ಹೋದ್ರ ನೆನಪ್ ಮಾಡ್ರಿ.